ಹಟ್ಟಿ ನೋಡಿ ಸಂಬಂಧ

ನಮ್ಮೂರ ಕಡೆ ಸಂಬಂಧ ನೋಡಲಿಕ್ಕೆ ಹೋಗುವ ಹಿರಿಯರು ಚಾವಡಿಯಲ್ಲಿ ಕೂತು ಕಾಫಿ ಕುಡಿದು ಸುಮ್ಮನೆ ಎದ್ದು ಬರುತ್ತಿರಲಿಲ್ಲ. ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿನ ಕಡೆ ಹೋಗುತ್ತಿದ್ದರು, ಹಾಗೇ ಹಟ್ಟಿಯೊಳಗೆ ಇಣುಕುತ್ತಿದ್ದರು. ದನದ ಮೈಮೇಲೆ ಉಣ್ಣಿ ಇದೆಯಾ, ಗೊಬ್ಬರದ ಗುಂಡಿ ಹೇಗಿದೆ, ಕೆಲಸದವರಿಗೆ ಗಂಜಿ ಬಡಿಸುವ ಜಾಗ ಎಲ್ಲಿ. ಚಾವಡಿಯನ್ನು ಯಾರು ಬೇಕಾದರೂ ಒಂದು ದಿನದ ಮಟ್ಟಿಗೆ ಗುಡಿಸಿ ಒರೆಸಿ ಇಡಬಹುದು, ಹಟ್ಟಿಯನ್ನು ಹಾಗೆ ಒಂದು ದಿನದಲ್ಲಿ ಸರಿ ಮಾಡಲಿಕ್ಕಾಗುವುದಿಲ್ಲ ಅಂತ ಅವರ ಲೆಕ್ಕ.

ನಾಲ್ಕು ತಿಂಗಳಿಂದ ನಾನೂ ಒಂದು ಸಂಬಂಧ ನೋಡುತ್ತಿದ್ದೇನೆ. ಗಾಬರಿ ಬೇಡ, ಬೆಂಗಳೂರಿನ ಹೊರಗಿನ ಒಂದು ಗಾಲ್ಫ್ ಕ್ಲಬ್ಬಿನದು.

ಗಾಲ್ಫ್ ಅಂದಕೂಡಲೇ ನಿಮ್ಮಲ್ಲಿ ಅರ್ಧ ಜನ ಪುಟ ತಿರುಗಿಸುತ್ತೀರಿ ಅಂತ ಗೊತ್ತು. ದುಡ್ಡಿದ್ದವರ ಆಟ, ಬ್ರಿಟಿಷರು ಬಿಟ್ಟುಹೋದ ಚಟ, ನೂರಾರು ಎಕರೆ ಜಾಗ ನಾಲ್ಕು ಜನಕ್ಕೆ. ಇದರಲ್ಲಿ ಸುಳ್ಳೇನಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಅಂದರೆ ಈ ಊರಿಗೆ ಕರೆಂಟು ಬರುವುದಕ್ಕೂ ಎಷ್ಟೋ ಮೊದಲು. ನನಗೆ ಈ ಹುಚ್ಚು ಹತ್ತಿದ್ದು ಐವತ್ತು ದಾಟಿದ ಮೇಲೆ, ಆಫೀಸಿನ ಹತ್ತಿರದ ಒಂದು ಡ್ರೈವಿಂಗ್ ರೇಂಜಿನಲ್ಲಿ. ಬಾಡಿಗೆ ಕೋಲು, ಬಕೆಟ್ಟಿಗಿಷ್ಟು ಅಂತ ಬಾಡಿಗೆ ಚೆಂಡು. ಈಗ ನಿವೃತ್ತಿಗೆ ಎರಡು ವರ್ಷ ಇದೆ. ಸದಸ್ಯತ್ವಕ್ಕೆ ಕಟ್ಟಬೇಕಾದ ಮೊತ್ತ ಬರಲಿರುವ ಗ್ರಾಚ್ಯುಯಿಟಿಯ ಅರ್ಧದಷ್ಟು. ಹಾಗಾಗಿ ಹಟ್ಟಿ ನೋಡದೆ ಆಗುವುದಿಲ್ಲ.

ಈ ವಿಷಯದಲ್ಲಿ ನನ್ನ ಗುರು ಒಬ್ಬ ಹಳೆಯ ಸಹೋದ್ಯೋಗಿ, ಮೂವತ್ತು ವರ್ಷದಿಂದ ಆಡುತ್ತಿರುವವನು. ಏನೇನು ನೋಡಬೇಕು ಅಂತ ಅವನು ಹೇಳಿಕೊಟ್ಟ. "ಕ್ಲಬ್ ಹೌಸಿನ ಸೋಫಾ ನೋಡಬೇಡ ಮಾರಾಯ, ಗ್ರೀನ್ ಮೇಲೆ ಮೊಣಕಾಲೂರಿ ಕೂತು ನೋಡು." ಗ್ರೀನ್ ಅಂದರೆ ಕುಳಿಯಿರುವ ಜಾಗ, ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದ ಹುಲ್ಲು, ನಾಳೆ ಕೈಯಿಟ್ಟರೆ ಹರಿದೀತೇನೋ ಅನ್ನುವಷ್ಟು ನಯ. ಅಲ್ಲಿ ಪಾಚಿ ಇದೆಯಾ, ಬೇರೆ ಜಾತಿಯ ಹುಲ್ಲು ತೇಪೆ ತೇಪೆಯಾಗಿ ನುಗ್ಗಿದೆಯಾ. ಬಂಕರಿನ ಮರಳಲ್ಲಿ ಕಲ್ಲು ಸಿಗುತ್ತದಾ. ಮಳೆ ಬಂದ ಮರುದಿನ ನೀರು ಎಲ್ಲೆಲ್ಲಿ ನಿಂತಿದೆ. ಒಂದನೇ ಕುಳಿ, ಹದಿನೆಂಟನೇ ಕುಳಿ ನೋಡಬೇಡ, ಅವೆರಡೂ ಕ್ಲಬ್ ಹೌಸಿನ ಕಣ್ಣೆದುರು ಇರುವಂಥವು. ದೂರದ ಹನ್ನೆರಡು, ಹದಿಮೂರಕ್ಕೆ ನಡೆದುಹೋಗು. ನಮ್ಮಜ್ಜನಿಗೂ ಇವನಿಗೂ ಎಲ್ಲಿಯ ನೆಂಟಸ್ತಿಕೆಯೋ, ಮಾತು ಮಾತ್ರ ಒಂದೇ.

ಹೀಗೆ ನೋಡುತ್ತಾ ಹೋದ ಹಾಗೆ ನನಗೆ ಒಂದು ತಲೆಬಿಸಿ ಶುರುವಾಯಿತು. ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ನಾವು ಹೇಳುವುದು ಯಾವಾಗ? ನೋಡಲಿಕ್ಕೆ ಚೆನ್ನಾಗಿದ್ದಾಗಲೋ, ನಿಜವಾಗಿ ನೋಡಿಕೊಂಡಾಗಲೋ? ಎರಡೂ ಒಂದೇ ಅಲ್ಲವಾ ಅಂತ ನೀವು ಕೇಳಬಹುದು. ಗಾಲ್ಫ್ ಮೈದಾನದ ಮಟ್ಟಿಗಂತೂ ಖಂಡಿತ ಒಂದೇ ಅಲ್ಲ.

ಜನ ಓಡಾಡಿ, ಯಂತ್ರ ಓಡಾಡಿ ಗ್ರೀನಿನ ಕೆಳಗಿನ ಮಣ್ಣು ಗಟ್ಟಿಯಾಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ವರ್ಷದಲ್ಲಿ ಒಂದೆರಡು ಸಲ ಯಂತ್ರ ಹಾಯಿಸಿ ಸಾವಿರಾರು ತೂತು ಕೊರೆದು, ಬೆರಳಿನ ಗಾತ್ರದ ಮಣ್ಣಿನ ತುಂಡುಗಳನ್ನು ಹೊರಗೆ ತೆಗೆದು, ಮೇಲಿಂದ ಮರಳು ಹರಡುತ್ತಾರೆ. ಅದಾಗಿ ಒಂದೆರಡು ವಾರ ಆ ಗ್ರೀನನ್ನು ನೋಡಬೇಕು ನೀವು, ಸಿಡುಬು ಬಂದವರ ಮುಖದ ಹಾಗಿರುತ್ತದೆ. ಚೆಂಡು ಕುಪ್ಪಳಿಸುತ್ತದೆ, ಆಡುವವರು ಬೈಯುತ್ತಾರೆ. ಆ ವಾರ ನೋಡಲು ಬಂದ ಹೊಸಬ, "ಛೆ, ಏನು ಹೀಗಿಟ್ಟಿದ್ದಾರೆ" ಅಂತ ವಾಪಸು ಹೋಗುತ್ತಾನೆ. ಆರೈಕೆಯ ಕೆಲಸ ಅತ್ಯಂತ ಶ್ರದ್ಧೆಯಿಂದ ನಡೆದ ವಾರ ಅದು! ಇನ್ನೊಂದು ಕಡೆ, ಹೊಸ ಸದಸ್ಯರನ್ನು ಹಿಡಿಯುವ ತರಾತುರಿಯಲ್ಲಿ ಈ ತೂತು ಕೊರೆಯುವ ಕೆಲಸವನ್ನು ಮುಂದೂಡಿ, ಗೊಬ್ಬರ ಸುರಿದು, ಜಾಸ್ತಿ ನೀರು ಬಿಟ್ಟು ಕಣ್ಣು ಕೋರೈಸುವ ಹಸಿರು ಮಾಡಿಟ್ಟ ಮೈದಾನ ಒಳಗೊಳಗೇ ಕೊಳೆಯುತ್ತಿರುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದವನ ಊದಿದ ಕೆನ್ನೆ ನೋಡಿ ಇವನಿಗೆ ಆರೋಗ್ಯದ ಮೇಲೆ ಗಮನವಿಲ್ಲ ಅಂದ ಹಾಗಾಯಿತು.

ಅಳತೆ ಇದೆಯಲ್ಲಾ ಅನ್ನುತ್ತಾರೆ. ಇದೆ. ಸ್ಟಿಂಪ್‌ಮೀಟರ್ ಅಂತ ಒಂದು ಉದ್ದನೆಯ ದೋಣಿಯಂಥ ಪಟ್ಟಿ, ಅದನ್ನು ಓರೆ ಮಾಡಿ ಚೆಂಡು ಜಾರಿಸಿದರೆ ಗ್ರೀನಿನ ಮೇಲೆ ಎಷ್ಟು ಅಡಿ ಉರುಳಿತು ಅಂತ ಲೆಕ್ಕ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಅನ್ನುವ ಅಮೆರಿಕದ ಗಾಲ್ಫ್ ಆಟಗಾರ ಮಾಡಿದ್ದು. ಅಲ್ಲಿನ ಗಾಲ್ಫ್ ಸಂಘ 1970ರ ದಶಕದಲ್ಲಿ ಅದನ್ನು ಸುಧಾರಿಸಿ ಮೈದಾನ ನೋಡಿಕೊಳ್ಳುವವರ ಕೈಗೆ ಕೊಟ್ಟಿತು. ಉದ್ದೇಶ ಸರಳ: ಒಂದೇ ಮೈದಾನದ ಹದಿನೆಂಟು ಗ್ರೀನುಗಳು ಒಂದೇ ಸಮ ಇವೆಯಾ ನೋಡಿಕೊಳ್ಳಲಿ. ಆ ಕಾಲಕ್ಕೆ ಅಮೆರಿಕದ ಮೈದಾನಗಳಲ್ಲಿ ಅಳೆದು ನೋಡಿದಾಗ ಸರಾಸರಿ ಆರೂವರೆ ಅಡಿ ಸಿಕ್ಕಿತ್ತು. ಈಗ ದೊಡ್ಡ ಟೂರ್ನಮೆಂಟುಗಳಲ್ಲಿ ಹನ್ನೊಂದು, ಹನ್ನೆರಡು, ಅದಕ್ಕೂ ಮೇಲೆ. ನಿಮ್ಮದೆಷ್ಟು, ನಮ್ಮದೆಷ್ಟು ಅಂತ ಕ್ಲಬ್ ಕ್ಲಬ್ಬಿನ ನಡುವೆ ಪೈಪೋಟಿ. ಎಸ್ಸೆಸ್ಸೆಲ್ಸಿ ಪರ್ಸೆಂಟೇಜಿನ ಕತೆಯೇ. ಮಗುವಿಗೆ ಎಲ್ಲಿ ಅರ್ಥವಾಗಿಲ್ಲ ಅಂತ ಮೇಷ್ಟ್ರಿಗೆ ತಿಳಿಯಲಿ ಅಂತ ಇಟ್ಟ ಪರೀಕ್ಷೆ, ಕೊನೆಗೆ ಪಕ್ಕದ ಮನೆಯವರ ಮುಂದೆ ಹೇಳಿಕೊಳ್ಳುವ ಅಂಕಿಯಾಗುತ್ತದೆ. ನಾನು ನೋಡಲು ಹೋದ ಕ್ಲಬ್ಬಿನವರೂ ಮೊದಲು ಹೇಳಿದ್ದು ಆ ಅಂಕಿಯನ್ನೇ.

ಇಲ್ಲೊಂದು ತಮಾಷೆ ಹೇಳಿಬಿಡುತ್ತೇನೆ. ಬರ್ಮುಡಾ ಗ್ರಾಸ್ ಅಂತ ಅವರು ಹೆಮ್ಮೆಯಿಂದ ತೋರಿಸಿದ ಫೇರ್‌ವೇಯ ಹುಲ್ಲು ನಮ್ಮ ಗರಿಕೆಯೇ. ಚೌತಿಯ ದಿನ ಇಪ್ಪತ್ತೊಂದು ಎಳೆ ಎಣಿಸಿ ಗಣಪತಿಯ ತಲೆಗಿಡುವ ಅದೇ ಗರಿಕೆ. ಗ್ರೀನಿನ ಮೇಲಿರುವ ಟಿಫ್‌ಡ್ವಾರ್ಫ್ ಅನ್ನುವುದು ಅಮೆರಿಕದ ಟಿಫ್ಟನ್ ಊರಿನ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ತಳಿ, ಅದರ ಒಂದು ಕಡೆಯ ತಾಯಿಬೇರೂ ಗರಿಕೆಯದ್ದೇ. ನಮ್ಮಪ್ಪ ತರಕಾರಿ ಗದ್ದೆಯಲ್ಲಿ ಜೀವನವಿಡೀ ಕಿತ್ತು ಕಿತ್ತು ಸೋತ ಕಳೆಯನ್ನು ಬೆಳೆಸಿದ್ದಾರಾ ಇಲ್ಲವಾ ಅಂತ ಪರೀಕ್ಷೆ ಮಾಡಲು ಮಗ ಹೋಗಿದ್ದಾನೆ. ಗರಿಕೆಯ ಗುಣ ಗೊತ್ತಿದ್ದವರಿಗೆ ಗೊತ್ತು, ಬೇಸಿಗೆಯಲ್ಲಿ ಒಣಗಿ ಕಂದಾಗುತ್ತದೆ, ಸತ್ತೇಹೋಯಿತು ಅನಿಸುತ್ತದೆ, ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಅದು ಅದರ ಜಾಯಮಾನ. ಏಪ್ರಿಲಿನಲ್ಲಿ ಹಸಿರಾಗಿ ಕಾಣಲಿ ಅನ್ನುವುದು ನಮ್ಮ ಹಟ.

ಆ ಹಟದ ಮೂಲ ಟಿ.ವಿ. ಅಮೆರಿಕದ ಅಗಸ್ಟಾ ನ್ಯಾಷನಲ್ ಮೈದಾನದಲ್ಲಿ ಪ್ರತಿ ಏಪ್ರಿಲಿನಲ್ಲಿ ಮಾಸ್ಟರ್ಸ್ ನಡೆಯುತ್ತದೆ. ಅಲ್ಲಿನ ಹಸಿರನ್ನು ನೋಡಿದವರಿಗೆ ಜಗತ್ತಿನ ಎಲ್ಲ ಮೈದಾನವೂ ಕೊಳಕಾಗಿ ಕಾಣುತ್ತದೆ. ಆದರೆ ಆ ಕ್ಲಬ್ ಬೇಸಿಗೆಯಿಡೀ ಬಾಗಿಲು ಹಾಕಿರುತ್ತದೆ, ತಿಂಗಳುಗಟ್ಟಲೆ ಯಾರೂ ಆಡುವುದಿಲ್ಲ ಅನ್ನುವುದನ್ನು ಟಿ.ವಿ. ತೋರಿಸುವುದಿಲ್ಲ. ಗ್ರೀನಿನ ಕೆಳಗೆ ಕೊಳವೆ ಹೂತು ಯಂತ್ರದಿಂದ ನೀರು ಹೀರಿ ಗಾಳಿ ಊದುತ್ತಾರೆ. ಅದು ಮದುವೆ ಮಂಟಪ, ಮನೆ ಅಲ್ಲ. ಅದೇ ದೇಶದ ಪೈನ್‌ಹರ್ಸ್ಟ್ ಎಂಬಲ್ಲಿ ತದ್ವಿರುದ್ಧ ಮಾಡಿದರು. 2010-11ರಲ್ಲಿ ತಮ್ಮ ಎರಡನೇ ನಂಬರಿನ ಮೈದಾನದಿಂದ ಎಕರೆಗಟ್ಟಲೆ ನೆಟ್ಟ ಹುಲ್ಲನ್ನು ಕಿತ್ತುಹಾಕಿ, ಮರಳನ್ನೂ ಅಲ್ಲೇ ತಾನಾಗಿ ಬೆಳೆಯುವ ಪೊದೆಹುಲ್ಲನ್ನೂ ಉಳಿಸಿಕೊಂಡು, ನೀರು ಚಿಮ್ಮಿಸುವ ತಲೆಗಳನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. 2014ರಲ್ಲಿ ಗಂಡಸರ ಮತ್ತು ಹೆಂಗಸರ ಯು.ಎಸ್. ಓಪನ್ ಎರಡೂ ಹಿಂದೆಮುಂದೆ ಆ ಕಂದು ಮೈದಾನದಲ್ಲೇ ನಡೆದವು. ಇನ್ನು ಈ ಆಟದ ತವರು, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್. ಅದು ಊರಿನವರ ಜಾಗ. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟ ಬಂದ್, ಜನ ನಾಯಿ ಹಿಡಿದುಕೊಂಡು ಅಡ್ಡಾಡುತ್ತಾರೆ. ಮೈದಾನಕ್ಕೂ ರಜೆ.

ಈಗ ನೀರಿನ ಲೆಕ್ಕ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಬೇಕಾದರೆ ಸುಮಾರು 4,000 ಲೀಟರ್ ಬೇಕು. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿಯೇ ಇರಬೇಕಾದರೆ ದಿನಕ್ಕೆ ನಾಲ್ಕು ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಅರವತ್ತು ಎಕರೆಗೆ ನೀರು ಬಿಟ್ಟರೆ ದಿನಕ್ಕೆ 9,60,000 ಲೀಟರ್. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಬತ್ತು ಟ್ಯಾಂಕರ್. ಟ್ಯಾಂಕರ್ ಲೆಕ್ಕ ಯಾಕೆ ಅಂದರೆ ನಾನು ಯೋಚನೆ ಮಾಡುವುದೇ ಟ್ಯಾಂಕರಿನಲ್ಲಿ. 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎರಡೂ ಬೋರ್‌ವೆಲ್ ಕೈಕೊಟ್ಟವು. ಆ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು, ನೆನಪಿರಬಹುದು. ನನ್ನ ಹೆಂಡತಿ ಅಕ್ಕಿ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದು ತುಳಸಿಗೆ ಹಾಕುತ್ತಿದ್ದಳು. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ.

ಈ ಲೆಕ್ಕವನ್ನು ಇನ್ನೂ ಸ್ವಲ್ಪ ಬಿಡಿಸಿ ನೋಡಿದರೆ ಸ್ವಾರಸ್ಯ ಇದೆ. ಹದಿನೆಂಟು ಗ್ರೀನುಗಳನ್ನೂ ಸೇರಿಸಿದರೆ ಎರಡೂವರೆ ಎಕರೆ ಆಸುಪಾಸು. ಆಟ ನಿಜಕ್ಕೂ ನಿಂತಿರುವುದು ಇದರ ಮೇಲೆ, ಇದಕ್ಕೆ ಬೇಕಾದದ್ದು ದಿನಕ್ಕೆ ಮೂರ್ನಾಲ್ಕು ಟ್ಯಾಂಕರ್. ಫೇರ್‌ವೇ ಮತ್ತು ಟೀ ಮೂವತ್ತೈದು ಎಕರೆ ಅಂದರೆ ನಲವತ್ತೇಳು ಟ್ಯಾಂಕರ್. ಉಳಿದ ಮೂವತ್ತು ಟ್ಯಾಂಕರ್ ರಫ್‌ಗೆ, ಅಂದರೆ ಚೆಂಡು ಹೋಗಬಾರದ ಜಾಗಕ್ಕೆ. ಫೋಟೋ ಚೆನ್ನಾಗಿ ಬರಲಿ ಅಂತ.

ನನ್ನ ಗೆಳೆಯನಿಗೆ ಈ ಲೆಕ್ಕ ಹೇಳಿದೆ. ಅವನು ದಡ್ಡನಲ್ಲ. "ನೋಡು, ಅಲ್ಲೇ ನೂರು ಎಕರೆಯಲ್ಲಿ ಬಿಲ್ಡರ್ ಒಬ್ಬ ನಾಲ್ಕು ಸಾವಿರ ಫ್ಲ್ಯಾಟ್ ಕಟ್ಟಿದ ಅಂತಿಟ್ಕೋ. ಮನೆಗೆ ನಾಲ್ಕು ಜನ, ತಲೆಗೆ ಸರ್ಕಾರಿ ಲೆಕ್ಕದ 135 ಲೀಟರ್. ಇಪ್ಪತ್ತೊಂದು ಲಕ್ಷ ಲೀಟರ್ ದಾಟ್ತದೆ. ನಿನ್ನ ಗಾಲ್ಫಿಗಿಂತ ಎರಡು ಪಾಲು ಜಾಸ್ತಿ. ಇಲ್ಲಿ ಮರ ಉಂಟು, ನವಿಲು ಉಂಟು, ಮಳೆನೀರು ಇಂಗ್ತದೆ." ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಹದಿನಾರು ಸಾವಿರ ಜನ ಹೇಗೂ ಎಲ್ಲೋ ಒಂದು ಕಡೆ ನೀರು ಕುಡಿಯಲೇಬೇಕು, ಸ್ನಾನ ಮಾಡಲೇಬೇಕು. ರಫ್ ಹಸಿರಾಗಿರಲೇಬೇಕು ಅಂತ ಏನೂ ಇಲ್ಲ. ಬಾಯಾರಿಕೆಯನ್ನೂ ಅಂದವನ್ನೂ ಒಂದೇ ತಕ್ಕಡಿಗೆ ಹಾಕಿ ಲೀಟರಿನಲ್ಲಿ ತೂಗಲಿಕ್ಕಾಗುವುದಿಲ್ಲ ಅಂದೆ. ಸಂಸ್ಕರಿಸಿದ ಕೊಳಚೆ ನೀರು ಬಳಸಿದರೆ ಬೇರೆ ಮಾತು. ನಗರದ ಅಂಥ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಗರಿಕೆಗೆ ಬೇಡವಾದೀತಾ? ಕ್ಲಬ್ಬಿನವರನ್ನು ಕೇಳಿದರೆ "ನಮ್ಮದೇ ಸೋರ್ಸ್ ಇದೆ ಸಾರ್" ಅಂದರು. ಯಾವ ಸೋರ್ಸ್? "ಬೋರ್‌ವೆಲ್ಸ್ ಮತ್ತೆ ಇನ್ನೂ ಬೇರೆ ಬೇರೆ." ಎಷ್ಟು ಬೋರ್‌ವೆಲ್? ಸಂಬಂಧಪಟ್ಟವರನ್ನು ಕೇಳಿ ತಿಳಿಸುತ್ತಾರಂತೆ.

ಗೆಳೆಯನ ಎರಡನೇ ವಾದ ನನ್ನನ್ನು ಜಾಸ್ತಿ ಕಾಡಿತು. "ಹೋಟೆಲಿಗೆ ಹೋದಾಗ ದೋಸೆ ತಿನ್ನೋದಕ್ಕೆ ಮೊದಲು ಅಡುಗೆಮನೆಗೆ ನುಗ್ಗಿ ನೀರೆಲ್ಲಿಂದ ಬಂತು, ಭಟ್ಟರಿಗೆ ಸಂಬಳ ಎಷ್ಟು ಅಂತ ಕೇಳ್ತೀಯಾ? ಇಲ್ಲಿ ಮಾತ್ರ ಯಾಕೆ ನಿನ್ನ ಈ ಇನ್‌ಸ್ಪೆಕ್ಟರ್ ಕೆಲಸ?" ಎರಡು ದಿನ ಯೋಚಿಸಿದೆ. ಹೋಟೆಲಿಗೆ ನಾನು ಗಿರಾಕಿ, ದೋಸೆ ತಿಂದು ಕೈ ತೊಳೆದರೆ ಋಣ ಹರಿಯಿತು. (ಹಾಗೂ ಪೂರ್ತಿ ಹರಿಯುವುದಿಲ್ಲ, ಆ ಮಾತು ಇನ್ನೊಂದು ದಿನಕ್ಕೆ.) ಕ್ಲಬ್ಬಿಗೆ ನಾನು ಸದಸ್ಯ. ವಾರ್ಷಿಕ ಸಭೆಯಲ್ಲಿ ಕೈಯೆತ್ತುವವನು ನಾನು. ಬಜೆಟ್ ಪಾಸಾಗುವುದು ನನ್ನ ಕೈಯಿಂದ, ಬೋರ್‌ವೆಲ್ ಕೊರೆಸುವುದು ನನ್ನ ಹೆಸರಲ್ಲಿ. ಸೇರುವ ಹಿಂದಿನ ದಿನ ಇವೆಲ್ಲ "ಅವರು" ಮಾಡುವ ಕೆಲಸ, ಮರುದಿನ "ನಾವು" ಮಾಡುವ ಕೆಲಸ. ಹಾಗಾಗಿ ಸರಕು ಕೊಳ್ಳುವವನ ಕಣ್ಣಿನಿಂದ ನೋಡಿ, ಮನೆಯವನಾಗಿ ಒಳಗೆ ಹೋಗುವುದು ಸರಿಯಲ್ಲ ಅಂತ ನನಗೆ ಕಂಡದ್ದು. ಗೆಳೆಯ ಇದನ್ನು ಒಪ್ಪಲಿಲ್ಲ. ಅಷ್ಟು ಕೊಟ್ಟ ಮೇಲೆ ನೆಮ್ಮದಿಯನ್ನೂ ಕೊಂಡುಕೊಂಡ ಹಾಗೆ ಅಲ್ಲವಾ ಅಂತ ಅವನ ವಾದ. ಇರಬಹುದು, ಅವನು ನೆಮ್ಮದಿಯಾಗಿಯೇ ಇದ್ದಾನೆ.

ಎರಡನೇ ಸಲ ಹೋದಾಗ ಔಷಧಿ ಇಡುವ ಶೆಡ್ ತೋರಿಸಿ ಅಂದೆ. ನಮ್ಮದು ಬೆಳ್ತಂಗಡಿ ಕಡೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಕೊಕ್ಕಡದ ಮನೆಮನೆಗಳಲ್ಲಿ ಏನಾಯಿತು ಅನ್ನುವುದು ನಮಗೆ ಪೇಪರಿನಲ್ಲಿ ಓದಿದ ಸುದ್ದಿಯಲ್ಲ. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸುವ ಹೊತ್ತಿಗೆ 2011 ಆಗಿತ್ತು. ಒಂದೂ ಕಳೆಯಿಲ್ಲದ, ಒಂದೂ ಹುಳವಿಲ್ಲದ ಹಸಿರು ಹಾಸು ಕಂಡರೆ ಹಾಗಾಗಿ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತದೆ. ಶೆಡ್ ನೋಡಲು ಬಿಡಲಿಲ್ಲ, ಇನ್ಶೂರೆನ್ಸ್ ಕಾರಣವಂತೆ. ಆದರೆ ಹನ್ನೆರಡನೇ ಕುಳಿಯ ಹತ್ತಿರ ಬೆನ್ನಿಗೆ ಪಂಪು ಕಟ್ಟಿಕೊಂಡು ಸಿಂಪಡಿಸುತ್ತಿದ್ದ ಹುಡುಗನ ಮೂಗಿಗೆ ಮಾಸ್ಕ್ ಇತ್ತು, ಕೈಗೆ ಗ್ಲೌಸ್ ಇತ್ತು, ಕಾಲಿಗೆ ಗಂಬೂಟು. ಯಾರೂ ನೋಡದ ಆ ಮೂಲೆಯಲ್ಲಿ, ನಾನು ಬರುತ್ತೇನೆ ಅಂತ ಗೊತ್ತಿಲ್ಲದೆ. ಇಡೀ ಮೈದಾನದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಅದು.

ಕ್ಯಾಡಿಗಳ ವಿಷಯ ಅಷ್ಟು ಚೆನ್ನಾಗಿರಲಿಲ್ಲ. ಬ್ಯಾಗು ಹೊರುವ ಇಪ್ಪತ್ತು ಮೂವತ್ತು ಜನ ಬೆಳಿಗ್ಗೆ ಐದೂವರೆಗೆ ಗೇಟಿನ ಹತ್ತಿರ ಕಾಯುತ್ತಾರೆ, ಕೆಲಸ ಸಿಕ್ಕಿದರೆ ಕಾಸು, ಇಲ್ಲದಿದ್ದರೆ ಇಲ್ಲ. ಕೂರಲಿಕ್ಕೆ ಒಂದು ತಗಡಿನ ಮಾಡು. ಶೌಚಾಲಯ ಎಲ್ಲಿ ಅಂತ ನನ್ನ ಜೊತೆ ಬಂದ ಕ್ಯಾಡಿಯನ್ನು ಕೇಳಿದೆ. ವಯಸ್ಸಿನಲ್ಲಿ ನನಗಿಂತ ಹಿರಿಯ. "ನಿಮಗಾ ಸಾರ್? ಕ್ಲಬ್ ಹೌಸಲ್ಲಿದೆ." ನನಗಲ್ಲ ಅಣ್ಣ, ನಿಮಗೆ ಅಂದೆ. ಅವರು ನಕ್ಕು ಮುಂದಿನ ಹೊಡೆತಕ್ಕೆ ಏಳನೇ ನಂಬರಿನ ಐರನ್ ಕೈಗಿಟ್ಟರು. 2009ರ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. 1991ರಲ್ಲಿ ಅದನ್ನು ಗೆದ್ದ ದೆಹಲಿಯ ಅಲಿ ಶೇರ್ ಕೂಡ ಹಾಗೇ. ಗ್ರೀನಿನ ಇಳಿಜಾರು ಕ್ಯಾಡಿಗಳಿಗೆ ಗೊತ್ತಿರುವಷ್ಟು ಯಾವ ಸ್ಟಿಂಪ್‌ಮೀಟರಿಗೂ ಗೊತ್ತಿರುವುದಿಲ್ಲ. ಮೈದಾನ ಹೇಗಿದೆ ಅಂತ ತಿಳಿಯಬೇಕಾದರೆ ಸೆಕ್ರೆಟರಿಯನ್ನಲ್ಲ, ಇವರನ್ನು ಕೇಳಬೇಕು. ಅದನ್ನೂ ಕೇಳಿದೆ. "ಮಳೆಗಾಲದಲ್ಲಿ ಚೆನ್ನಾಗಿರ್ತದೆ ಸಾರ್. ಏಪ್ರಿಲಲ್ಲಿ ಒಂದು ಸಲ ಬಂದು ನೋಡಿ."

ಇನ್ನೊಂದು ಸಂಗತಿ ನನ್ನ ಗುರು ಹೇಳಿಕೊಡದೆ ನನಗೇ ಕಂಡದ್ದು. ಎತ್ತರದಿಂದ ಬಿದ್ದ ಚೆಂಡು ಗ್ರೀನಿನಲ್ಲಿ ಸಣ್ಣ ಗುಂಡಿ ಮಾಡುತ್ತದೆ. ಜೇಬಿನಲ್ಲಿಟ್ಟ ಕವಲುಕಡ್ಡಿಯಿಂದ ಅದರ ಅಂಚನ್ನು ಒಳಕ್ಕೆ ಒತ್ತಿ ಸಮ ಮಾಡುವುದು ಹೊಡೆದವನ ಕೆಲಸ. ಬಂಕರಿನಲ್ಲಿ ತನ್ನ ಹೆಜ್ಜೆ ಗುರುತನ್ನು ಗೀರಿ ಅಳಿಸಿ ಬರುವುದು, ಕಿತ್ತುಬಂದ ಹುಲ್ಲಿನ ತುಂಡನ್ನು ಮತ್ತೆ ಇಟ್ಟು ತುಳಿಯುವುದು, ಎಲ್ಲ ಆಡಿದವನದೇ. ಅರ್ಧ ನಿಮಿಷದ ಕೆಲಸ. ಏಳನೇ ಗ್ರೀನಿನಲ್ಲಿ ಸುಮ್ಮನೆ ಎಣಿಸಿದೆ, ಸಮ ಮಾಡದೆ ಬಿಟ್ಟ ಗುಂಡಿ ಇಪ್ಪತ್ತಮೂರು. ಇದು ಮಾಲಿಗಳ ತಪ್ಪಲ್ಲ, ಕ್ಲಬ್ಬಿನ ಆಡಳಿತದ ತಪ್ಪೂ ಅಲ್ಲ. ನಾಳೆ ನಾನು ಯಾರ ಪಕ್ಕ ಕೂತು ಕಾಫಿ ಕುಡಿಯಬೇಕೋ ಅವರು ಬಿಟ್ಟುಹೋದದ್ದು. ಹುಲ್ಲು ನೋಡಲು ಹೋದವನಿಗೆ ಸದಸ್ಯರು ಕಂಡರು. ಮೊಣಕಾಲೂರಿ ಅದರಲ್ಲಿ ಹತ್ತು ಹನ್ನೆರಡನ್ನು ನಾನೇ ಸಮ ಮಾಡಿದೆ, ಅಷ್ಟರಲ್ಲಿ ಹಿಂದಿನ ಗುಂಪಿನವರು ಬೇಗ ನಡೀರಿ ಅಂತ ಕೂಗಿದರು. ಕ್ಯಾಡಿ ಅಣ್ಣ ಉಳಿದವನ್ನು ಮುಗಿಸಿ ಓಡುತ್ತಾ ಬಂದರು.

ಹೋದ ವಾರ ಕ್ಲಬ್ಬಿನಿಂದ ಫೋನು. ಮಾರ್ಚ್ 31ರೊಳಗೆ ಕಟ್ಟಿದರೆ ಹತ್ತು ಪರ್ಸೆಂಟ್ ರಿಯಾಯಿತಿ, ಆಮೇಲೆ ಪೂರ್ತಿ ಕಟ್ಟಬೇಕು. ಬೋರ್‌ವೆಲ್ ಎಷ್ಟು ಅಂತ ಮತ್ತೆ ಕೇಳಿದೆ, ಮೇಲ್ ಮಾಡುತ್ತೇನೆ ಅಂದರು. ಹೆಂಡತಿ ಕ್ಯಾಲ್ಕುಲೇಟರ್ ಒತ್ತಿ, ನೀವು ಏಪ್ರಿಲಿನಲ್ಲಿ ಹೋಗಿ ಹುಲ್ಲು ನೋಡುವ ಖರ್ಚು ಇಷ್ಟಾಗುತ್ತದೆ ಅಂತ ಅಂಕಿಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ದೊಡ್ಡ ಅಂಕಿಯೇ. ಏಪ್ರಿಲ್ ಮೂರನೇ ಶನಿವಾರಕ್ಕೆ ಗೆಸ್ಟ್ ಫೀ ಕಟ್ಟಿ ಬುಕ್ ಮಾಡಿದ್ದೇನೆ. ಅವತ್ತು ಫೇರ್‌ವೇ ಅಲ್ಲಲ್ಲಿ ಕಂದಾಗಿದ್ದು, ರಫ್ ಪೂರ್ತಿ ಒಣಗಿ, ಗ್ರೀನ್ ಮಾತ್ರ ಹಸಿರಾಗಿದ್ದರೆ ಪೂರ್ತಿ ದುಡ್ಡು ಕಟ್ಟುತ್ತೇನೆ, ಕ್ಯಾಡಿಗಳ ಶೌಚಾಲಯದ ಮಾತನ್ನು ಮೊದಲ ಸಭೆಯಲ್ಲೇ ಎತ್ತುತ್ತೇನೆ. ಎಲ್ಲ ಕಡೆ ಹಸಿರೋ ಹಸಿರು ಇದ್ದರೆ, ಎಂಬತ್ತು ಟ್ಯಾಂಕರಿನ ಲೆಕ್ಕವನ್ನು ಬರೆದು ಕೇಳುತ್ತೇನೆ, ಉತ್ತರ ಬರುವ ತನಕ ಆ ಬಾಡಿಗೆ ಕೋಲು, ಬಾಡಿಗೆ ಚೆಂಡು ಹೇಗೂ ಇದೆ.